ಕೊಯ್ಯುವ ಮುಂಚಿನ ಒಂದು ಗಂಟೆ

ಶಸ್ತ್ರಚಿಕಿತ್ಸೆ ಮುಗಿಸಿ ರೋಗಿಯನ್ನು ವಾರ್ಡಿಗೆ ತಂದ ಮೇಲೆ ಮನೆಯವರು ಸಾಮಾನ್ಯವಾಗಿ ಎರಡು ವಿಷಯ ಕೇಳುತ್ತಾರೆ: ಊಟ ಯಾವಾಗ ಕೊಡಬಹುದು, ಗಾಯ ಕೀವಾಗದಂತೆ ಎಷ್ಟು ದಿನ ಇಂಜೆಕ್ಷನ್ ಕೊಡುತ್ತೀರಿ. ಎರಡನೆಯದಕ್ಕೆ ‘ಕೊಡಬೇಕಾದದ್ದನ್ನು ಕೊಯ್ಯುವ ಮುಂಚೆಯೇ ಕೊಟ್ಟಿದ್ದೇವೆ, ಇನ್ನು ಬೇಕಾಗಿಲ್ಲ’ ಎಂದು ಉತ್ತರಿಸಿದರೆ ಅವರ ಮುಖದಲ್ಲಿ ಸಮಾಧಾನಕ್ಕಿಂತ ಅನುಮಾನವೇ ಹೆಚ್ಚು ಕಾಣುತ್ತದೆ. ಪಕ್ಕದ ಮಂಚದವರಿಗೆ ಐದು ದಿನ, ಅದೂ ದಿನಕ್ಕೆ ಎರಡು ಸಲ ಕೊಟ್ಟಿದ್ದಾರಲ್ಲ, ನಮ್ಮವರಿಗೆ ಯಾಕೆ ಕಡಿಮೆ ಎಂಬ ಅನುಮಾನ ಅದು. ಈ ಅನುಮಾನ ಮನೆಯವರದಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ; ಆಸ್ಪತ್ರೆಯ ಒಳಗಿರುವ ನಮ್ಮಲ್ಲೂ ಬಹಳ ಮಂದಿ ಗಾಯದ ಸೋಂಕನ್ನು ತಡೆಯುವುದು ಆಪರೇಶನ್ ಆದ ನಂತರದ ಕೆಲಸ ಎಂದೇ ನಂಬಿದ್ದಾರೆ.

ನಾನು ವೃತ್ತಿಯಿಂದ ಶುಶ್ರೂಷಾಧಿಕಾರಿ. ಓಟಿಯಲ್ಲಿ, ಅಂದರೆ ಆಪರೇಶನ್ ಥಿಯೇಟರಿನಲ್ಲಿ, ಹಲವು ವರ್ಷ ಕೆಲಸ ಮಾಡಿ, ಈಗ ಆಸ್ಪತ್ರೆಯ ಸೋಂಕು ನಿಯಂತ್ರಣದ ಹೊಣೆ ನೋಡಿಕೊಳ್ಳುತ್ತಿದ್ದೇನೆ. ಈ ಕೆಲಸಕ್ಕೆ ಬಂದ ಮೇಲೆ ನನಗೆ ದಿನೇದಿನೇ ಗಟ್ಟಿಯಾದ ಅಭಿಪ್ರಾಯವೆಂದರೆ, ಗಾಯ ಕೀವಾಗುವುದೋ ಇಲ್ಲವೋ ಎಂಬುದು ಬಹುಪಾಲು ತೀರ್ಮಾನವಾಗುವುದು ಚರ್ಮವನ್ನು ಕೊಯ್ಯುವ ಮುಂಚಿನ ಒಂದೆರಡು ಗಂಟೆ ಮತ್ತು ಕೊನೆಯ ಹೊಲಿಗೆ ಹಾಕುವವರೆಗಿನ ಅವಧಿಯಲ್ಲಿ. ಅದರ ನಂತರ ವಾರ್ಡಿನಲ್ಲಿ ನಾವು ಕೊಡುವ ಇಂಜೆಕ್ಷನ್‌ಗಳು ಹೆಚ್ಚಿನ ಸಂದರ್ಭಗಳಲ್ಲಿ ನಮ್ಮ ಧೈರ್ಯಕ್ಕೆ ಕೊಡುವಂಥವು.

ಇದಕ್ಕೆ ಕಾರಣ ಸರಳವಾಗಿದೆ. ಗಾಯಕ್ಕೆ ಸೇರುವ ಸೂಕ್ಷ್ಮಾಣುಗಳಲ್ಲಿ ಬಹುಪಾಲು ಹೊರಗಿನಿಂದ ಹಾರಿ ಬಂದವಲ್ಲ, ರೋಗಿಯ ಮೈಮೇಲೆಯೇ ಇದ್ದಂಥವು. ಮೂಗಿನ ಒಳಗೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ ಸ್ಟ್ಯಾಫಿಲೊಕಾಕಸ್ ಯಾವ ತೊಂದರೆಯನ್ನೂ ಕೊಡದೆ ಇರುತ್ತದೆ, ಕರುಳಿನಲ್ಲಿ ಇ. ಕೋಲೈ ಇರುತ್ತದೆ. ಚರ್ಮ ತೆರೆದಾಗ, ಕರುಳು ತೆರೆದಾಗ ಅವು ತಮ್ಮ ಜಾಗ ಬಿಟ್ಟು ಗಾಯಕ್ಕೆ ಇಳಿಯುತ್ತವೆ. ಆ ಹೊತ್ತಿಗೆ ಔಷಧವು ರಕ್ತದಲ್ಲಿ ಮಾತ್ರವಲ್ಲ, ಕೊಯ್ಯುವ ಜಾಗದ ಕೊಬ್ಬು ಮತ್ತು ಸ್ನಾಯುಗಳಲ್ಲಿಯೂ ಸಾಕಷ್ಟು ಪ್ರಮಾಣದಲ್ಲಿ ಸೇರಿಕೊಂಡಿರಬೇಕು. ಗಾಯದಲ್ಲಿ ರಕ್ತ ಹೆಪ್ಪುಗಟ್ಟಿ, ಸಣ್ಣ ರಕ್ತನಾಳಗಳು ಮುಚ್ಚಿಹೋದ ಮೇಲೆ ಎಷ್ಟೇ ದುಬಾರಿ ಔಷಧ ಕೊಟ್ಟರೂ ಅದು ಅಲ್ಲಿಗೆ ತಲುಪುವುದು ಕಷ್ಟ.

1961ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕ ಜಾನ್ ಬರ್ಕ್ ಇದನ್ನು ಗಿನಿಯಿಲಿಗಳ ಮೇಲೆ ಪರೀಕ್ಷಿಸಿ ತೋರಿಸಿದ್ದರು. ಚರ್ಮದೊಳಗೆ ಬ್ಯಾಕ್ಟೀರಿಯಾ ಬಿಡುವ ಮೊದಲೇ ಔಷಧ ಕೊಟ್ಟ ಪ್ರಾಣಿಗಳಲ್ಲಿ ಗಾಯ ಹೆಚ್ಚೇನೂ ಕೆಡಲಿಲ್ಲ. ತಡವಾದಷ್ಟೂ ಔಷಧದ ಪ್ರಯೋಜನ ಕಡಿಮೆಯಾಗುತ್ತ ಹೋಗಿ, ಮೂರು ಗಂಟೆ ಕಳೆದ ಮೇಲೆ ಕೊಟ್ಟದ್ದು ಕೊಡದಿದ್ದಂತೆಯೇ ಆಯಿತು. ಮನುಷ್ಯರಲ್ಲಿ ಇದೇ ವಿಷಯವನ್ನು ಸ್ಪಷ್ಟಪಡಿಸಿದ್ದು 1992ರಲ್ಲಿ ಪ್ರಕಟವಾದ, ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಆಸ್ಪತ್ರೆಯೊಂದರ 2,847 ರೋಗಿಗಳ ಅಧ್ಯಯನ. ಕೊಯ್ಯುವ ಮುಂಚಿನ ಎರಡು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಪಡೆದವರಲ್ಲಿ ಗಾಯದ ಸೋಂಕು ಶೇ. 0.6 ಇತ್ತು. ಕೊಯ್ದು ಮೂರು ಗಂಟೆಯಾದ ಮೇಲೆ ಪಡೆದವರಲ್ಲಿ ಶೇ. 3.3. ಎಲ್ಲಕ್ಕಿಂತ ಹೆಚ್ಚು ಸೋಂಕು, ಶೇ. 3.8, ಕಂಡದ್ದು ಎರಡು ಗಂಟೆಗಿಂತಲೂ ಬಹಳ ಮುಂಚೆಯೇ ಇಂಜೆಕ್ಷನ್ ಪಡೆದವರಲ್ಲಿ. ತಡವಾಗಿ ಕೊಡುವುದು ತಪ್ಪು ಎಂದು ಎಲ್ಲರಿಗೂ ಗೊತ್ತು. ಬೇಗ ಕೊಡುವುದೂ ಅಷ್ಟೇ ತಪ್ಪು ಎಂಬುದು ಎಷ್ಟೋ ಜನರಿಗೆ ಹೊಳೆಯುವುದಿಲ್ಲ.

ಈ ಕೊನೆಯ ಅಂಕಿಯನ್ನು ನಾನು ಒತ್ತಿ ಹೇಳಲು ಕಾರಣವಿದೆ. ನಮ್ಮ ಕಡೆಯ ಬಹಳಷ್ಟು ಆಸ್ಪತ್ರೆಗಳಲ್ಲಿ ಆ ದಿನದ ಲಿಸ್ಟಿನಲ್ಲಿರುವ ಎಲ್ಲರಿಗೂ ರಾತ್ರಿ ಪಾಳಿಯ ಸಿಸ್ಟರ್ ಬೆಳಿಗ್ಗೆ ಆರೂವರೆ, ಏಳು ಗಂಟೆಗೆ ವಾರ್ಡಿನಲ್ಲಿಯೇ ಟೆಸ್ಟ್ ಡೋಸ್ (ಅಲರ್ಜಿ ಇದೆಯೇ ಎಂದು ನೋಡಲು ಕೊಡುವ ಸ್ವಲ್ಪ ಔಷಧ) ಮಾಡಿ, ಇಂಜೆಕ್ಷನ್ ಕೊಟ್ಟು, ಕೇಸ್ ಶೀಟಿನಲ್ಲಿ ಬರೆದು, ಪಾಳಿ ಒಪ್ಪಿಸಿ ಹೋಗುತ್ತಾರೆ. ಆಕೆ ಮಾಡಿದ್ದು ಶಿಸ್ತಿನ ಕೆಲಸವೇ. ಆದರೆ ಲಿಸ್ಟಿನ ಮೊದಲ ರೋಗಿಯನ್ನು ಎಂಟು ಗಂಟೆಗೆ ಟೇಬಲ್ಲಿಗೆ ತೆಗೆದುಕೊಂಡರೆ, ನಾಲ್ಕನೆಯವರ ಸರದಿ ಬರುವುದು ಮಧ್ಯಾಹ್ನ ಒಂದಕ್ಕೆ; ನಡುವೆ ತುರ್ತು ಸಿಸೇರಿಯನ್ ಒಂದು ಬಂದರೆ ಎರಡೂವರೆಗೆ. ಅಷ್ಟು ಹೊತ್ತಿಗೆ ಸೆಫಾಜೊಲಿನ್‌ನಂಥ ಔಷಧದ ಪ್ರಮಾಣ ಅಂಗಾಂಶದಲ್ಲಿ ಇಳಿದುಹೋಗಿರುತ್ತದೆ. ದಾಖಲೆಯಲ್ಲಿ ಇಂಜೆಕ್ಷನ್ ಕೊಡಲಾಗಿದೆ, ಗಾಯದಲ್ಲಿ ಔಷಧವಿಲ್ಲ. ಇದಕ್ಕೆ ಪರಿಹಾರವಾಗಿ ಹೊಸ ಯಂತ್ರವನ್ನೇನೂ ಕೊಳ್ಳಬೇಕಾಗಿಲ್ಲ: ಔಷಧದ ವಯಲ್ಲು (ಸಣ್ಣ ಸೀಸೆ) ಕೇಸ್ ಶೀಟಿನ ಜೊತೆಗೆ ಓಟಿಗೆ ಹೋಗಬೇಕು, ಅರಿವಳಿಕೆ ವೈದ್ಯರ ಕೈಯಿಂದ ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಹೋಗಬೇಕು, ಕೊಟ್ಟ ಸಮಯ ಮತ್ತು ಕೊಯ್ದ ಸಮಯ ಎರಡನ್ನೂ ಪಕ್ಕಪಕ್ಕದಲ್ಲಿ ಬರೆಯಬೇಕು. ವ್ಯಾಂಕೊಮೈಸಿನ್‌ನಂತೆ ನಿಧಾನವಾಗಿ ಡ್ರಿಪ್ಪಿನಲ್ಲಿ ಕೊಡಬೇಕಾದ ಔಷಧಕ್ಕೆ ಎರಡು ಗಂಟೆಯವರೆಗೆ ವಿನಾಯಿತಿ ಇದೆ. ಸೆಫಾಜೊಲಿನ್ ಕೊಟ್ಟು ನಾಲ್ಕು ಗಂಟೆಯಾದರೂ ಶಸ್ತ್ರಚಿಕಿತ್ಸೆ ಮುಗಿಯದಿದ್ದರೆ ಅಥವಾ ರಕ್ತ ಬಹಳ ಹೋದರೆ ಮತ್ತೊಂದು ಡೋಸ್ ಬೇಕಾಗುತ್ತದೆ. ಇದನ್ನು ನೆನಪಿಡುವುದು ಯಾರ ಕೆಲಸ ಎಂದು ಮೊದಲೇ ಗೊತ್ತುಮಾಡಿಕೊಂಡಿರದಿದ್ದರೆ ಅದು ಯಾರ ಕೆಲಸವೂ ಆಗಿರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿ, ಚರ್ಮ ಕೊಯ್ಯುವ ಮುನ್ನ ಎಲ್ಲರೂ ಕೈ ನಿಲ್ಲಿಸಿ ಗಟ್ಟಿಯಾಗಿ ಹೇಳಬೇಕಾದ ಸಂಗತಿಗಳಲ್ಲಿ ‘ಕಳೆದ 60 ನಿಮಿಷಗಳಲ್ಲಿ ಆ್ಯಂಟಿಬಯೋಟಿಕ್ ಕೊಡಲಾಗಿದೆಯೇ’ ಎಂಬುದೂ ಒಂದು. ಅಮೆರಿಕದ ಶಸ್ತ್ರಚಿಕಿತ್ಸಕ ಅತುಲ್ ಗವಾಂಡೆ ಅವರ ತಂಡ ಈ ಪಟ್ಟಿಯನ್ನು ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಬಳಸಿ ನೋಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿದಿತ್ತು, ಗಾಯದ ಸೋಂಕೂ ಸುಮಾರು ಅರ್ಧಕ್ಕೆ ಇಳಿದಿತ್ತು. ಈಗ ಈ ಪಟ್ಟಿ ಬಹುತೇಕ ಎಲ್ಲ ಕೇಸ್ ಶೀಟುಗಳಲ್ಲಿಯೂ ಇದೆ. ಆದರೆ ಅದನ್ನು ಓಟಿಯಲ್ಲಿ ನಿಂತು ಓದುವ ಬದಲು ಡ್ಯೂಟಿ ರೂಮಿನಲ್ಲಿ ಕೂತು ಎಲ್ಲದಕ್ಕೂ ಒಟ್ಟಿಗೆ ಟಿಕ್ ಹಾಕಿಬಿಡುವ ಅಭ್ಯಾಸವೂ ಇದೆ. ಹಾಗೆ ತುಂಬಿದ ಕಾಗದಕ್ಕಿಂತ ಖಾಲಿ ಕಾಗದವೇ ವಾಸಿ. ಅದು ಸುಳ್ಳನ್ನಾದರೂ ಹೇಳುವುದಿಲ್ಲ.

ಐದು ದಿನದ ಇಂಜೆಕ್ಷನ್‌ಗೆ ಮತ್ತೆ ಬರುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿ ಸ್ಪಷ್ಟವಾಗಿಯೇ ಹೇಳುತ್ತದೆ: ಸೋಂಕು ತಡೆಯಲೆಂದು ಕೊಡುವ ಆ್ಯಂಟಿಬಯೋಟಿಕ್ ಅನ್ನು ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಮುಂದುವರಿಸಬಾರದು. ಮುಂದುವರಿಸಿದ್ದರಿಂದ ಸೋಂಕು ಇನ್ನಷ್ಟು ಕಡಿಮೆಯಾಗುವುದಿಲ್ಲ. ಭೇದಿ, ಅಲರ್ಜಿ, ಖರ್ಚು, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ಬೆಳವಣಿಗೆ ಮಾತ್ರ ಹೆಚ್ಚುತ್ತವೆ. ಒಡೆದ ಅಪೆಂಡಿಕ್ಸ್, ತೂತಾದ ಕರುಳು ಇಂಥ ಸಂದರ್ಭಗಳಲ್ಲಿ ಸೋಂಕು ಆಗಲೇ ಇರುವುದರಿಂದ ಅಲ್ಲಿ ಕೊಡುವುದು ಚಿಕಿತ್ಸೆಯ ಔಷಧ, ಅದರ ಲೆಕ್ಕ ಬೇರೆ. ಆದರೆ ಹರ್ನಿಯಾಕ್ಕೂ ಥೈರಾಯ್ಡಿಗೂ ಐದು ದಿನ ಬರೆಯುವುದು ಯಾಕೆ? ವೈದ್ಯರನ್ನು ದೂರಿ ಪ್ರಯೋಜನವಿಲ್ಲ. ಓಟಿಯ ನೀರು ಹೇಗಿದೆ, ಲಿನನ್ ಸರಿಯಾಗಿ ಒಣಗಿದೆಯೇ, ಹಬೆಯಿಂದ ಸೂಕ್ಷ್ಮಾಣುಗಳನ್ನು ಕೊಲ್ಲುವ ಆಟೋಕ್ಲೇವ್ ಯಂತ್ರ ತನ್ನ ಕೆಲಸ ಮಾಡಿದೆಯೇ ಎಂಬುದರ ಮೇಲೆ ಅವರಿಗೆ ಭರವಸೆ ಇಲ್ಲ. ಗಾಯ ಕೀವಾದರೆ ಮನೆಯವರು ಬಂದು ಕೇಳುವುದು ಅವರನ್ನೇ. ಅಪನಂಬಿಕೆ ನಿಜವಾದದ್ದು, ಆದರೆ ಅದಕ್ಕೆ ಇಂಜೆಕ್ಷನ್ ಉತ್ತರವಲ್ಲ, ಆಟೋಕ್ಲೇವನ್ನು ಸರಿಪಡಿಸುವುದು ಉತ್ತರ.

ಆಟೋಕ್ಲೇವಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಹೊರಗಿನವರು ಅದನ್ನು ನೋಡಿರುವುದಿಲ್ಲ, ಒಳಗಿನವರು ದಿನವೂ ನೋಡಿ ನೋಡುವುದನ್ನು ಬಿಟ್ಟಿರುತ್ತಾರೆ. ಗೌನು, ಶೀಟು, ಗಾಜ್ ಎಲ್ಲವನ್ನೂ ಸ್ಟೀಲ್ ಡ್ರಮ್ಮಿನಲ್ಲಿ ತುಂಬಿ, ಡ್ರಮ್ಮಿನ ಪಕ್ಕದ ತೂತುಗಳನ್ನು ತೆರೆದಿಟ್ಟು ಒಳಗೆ ಇಡುತ್ತೇವೆ. ಹಬೆ ಪ್ರತಿಯೊಂದು ಬಟ್ಟೆಯ ಮಡಿಕೆಯೊಳಗೂ ಹೋಗಬೇಕು. ಡ್ರಮ್ಮನ್ನು ಅದುಮಿ ತುಂಬಿದ್ದರೆ ನಡುವಿನ ಬಟ್ಟೆಗೆ ಹಬೆ ತಾಗುವುದೇ ಇಲ್ಲ. ಅಂಗೈಯನ್ನು ಬಟ್ಟೆಗಳ ನಡುವೆ ಸಲೀಸಾಗಿ ಇಳಿಸಲು ಬರಬೇಕು ಎಂಬುದು ನಾವು ಹೊಸಬರಿಗೆ ಹೇಳಿಕೊಡುವ ಅಳತೆ. 121 ಡಿಗ್ರಿಯಲ್ಲಿ ಎಷ್ಟು ನಿಮಿಷ, 134 ಡಿಗ್ರಿಯಲ್ಲಿ ಎಷ್ಟು ನಿಮಿಷ ಎಂಬುದು ಗೋಡೆಯ ಮೇಲೆ ಬರೆದಿರುತ್ತದೆ, ಅದರಲ್ಲಿ ಸಾಮಾನ್ಯವಾಗಿ ತಪ್ಪಾಗುವುದಿಲ್ಲ. ತಪ್ಪಾಗುವುದು ಆಮೇಲೆ. ಮುಂದಿನ ಕೇಸ್ ಕಾಯುತ್ತಿದೆ, ಕರೆಂಟು ಹೋಗಿ ಬಂದು ಹೊತ್ತಾಗಿದೆ ಎಂದು ಒಣಗಿಸುವ ಹಂತವನ್ನು ಮೊಟಕು ಮಾಡಿ ಡ್ರಮ್ಮನ್ನು ಹೊರಗೆ ತೆಗೆಯುತ್ತಾರೆ. ಮುಚ್ಚಳ ತೆರೆದರೆ ಬಟ್ಟೆ ಹಸಿ. ಹಸಿಯಾದ ಬಟ್ಟೆಯ ಮೂಲಕ ಹೊರಗಿನ ಸೂಕ್ಷ್ಮಾಣುಗಳು ನೀರಿನ ಜೊತೆಗೇ ಒಳಗೆ ಇಳಿಯುವುದರಿಂದ ಆ ಡ್ರಮ್ಮನ್ನು ಸ್ಟೆರೈಲ್ ಎಂದು ಕರೆಯುವಂತಿಲ್ಲ. ಆದರೂ ಡ್ರಮ್ಮಿನ ಮೇಲಿನ ಟೇಪಿನ ಗೆರೆಗಳು ಕಪ್ಪಾಗಿರುತ್ತವೆ, ಅದನ್ನು ನೋಡಿ ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಟೇಪು ಹೇಳುವುದು ಈ ಡ್ರಮ್ಮು ಬಿಸಿ ಕಂಡಿದೆ ಎಂಬುದನ್ನಷ್ಟೇ. ಒಳಗಿನ ಜೀವಿಗಳು ಸತ್ತಿವೆಯೇ ಎಂದು ತಿಳಿಯಲು ಜಿಯೋಬ್ಯಾಸಿಲಸ್ ಎಂಬ ಗಟ್ಟಿ ಜೀವದ ಬ್ಯಾಕ್ಟೀರಿಯಾದ ಬೀಜಾಣುಗಳನ್ನು ಡ್ರಮ್ಮಿನ ನಡುವೆ ಇಟ್ಟು, ಆಮೇಲೆ ಅವು ಬೆಳೆಯುತ್ತವೆಯೇ ಎಂದು ನೋಡಬೇಕು. ವಾರಕ್ಕೊಮ್ಮೆಯಾದರೂ ಈ ಪರೀಕ್ಷೆ ಆಗಬೇಕು.

ಸಣ್ಣ ತೂತುಗಳ ಮೂಲಕ ಆಪರೇಶನ್ ಮಾಡುವ ಲ್ಯಾಪರೊಸ್ಕೋಪಿ ಬಂದ ಮೇಲೆ ಇನ್ನೊಂದು ಸಮಸ್ಯೆ ಸೇರಿಕೊಂಡಿತು. ಆ ಉಪಕರಣಗಳ ಸೆಟ್ಟು ದುಬಾರಿ, ಇರುವುದು ಒಂದೋ ಎರಡೋ. ಒಂದು ಕೇಸಿಗೂ ಇನ್ನೊಂದಕ್ಕೂ ನಡುವೆ ಅವುಗಳನ್ನು ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿ, ನೀರಿನಲ್ಲಿ ತೊಳೆದು ಬಳಸುವ ರೂಢಿ ಅನೇಕ ಕಡೆ ಬೆಳೆಯಿತು. ಇಪ್ಪತ್ತು ನಿಮಿಷಕ್ಕೆ ಆಗುವುದು ಉನ್ನತ ಮಟ್ಟದ ಸೋಂಕುನಿವಾರಣೆ ಮಾತ್ರ; ಬೀಜಾಣುಗಳೂ ಸಾಯಬೇಕಾದರೆ ಹತ್ತು ಗಂಟೆ ಬೇಕು. ಅದಕ್ಕಿಂತ ಮುಖ್ಯವಾಗಿ, ಉಪಕರಣದ ಕೀಲುಗಳಲ್ಲಿ ಹಿಂದಿನ ರೋಗಿಯ ರಕ್ತ ಅಂಟಿಕೊಂಡಿದ್ದರೆ ಅಥವಾ ಕೊನೆಗೆ ತೊಳೆದ ನೀರು ನಲ್ಲಿಯದಾಗಿದ್ದರೆ, ನೀರಿನಲ್ಲಿ ವಾಸಿಸುವ ಮೈಕೋಬ್ಯಾಕ್ಟೀರಿಯಾಗಳು ಹೊಟ್ಟೆಯ ಆ ಸಣ್ಣ ತೂತಿನೊಳಗೆ ಸೇರುತ್ತವೆ. ಪಿತ್ತಕೋಶದ ಆಪರೇಶನ್ ಚೆನ್ನಾಗಿ ಆಗಿ, ಹೊಲಿಗೆ ಬಿಚ್ಚಿ, ಎಲ್ಲರೂ ಮರೆತ ಮೇಲೆ, ಕೆಲವು ವಾರಗಳ ನಂತರ ತೂತಿನ ಜಾಗದಲ್ಲಿ ಗಂಟು ಎದ್ದು ನೀರು ಜಿನುಗತೊಡಗುತ್ತದೆ. ಮಾಮೂಲಿ ಆ್ಯಂಟಿಬಯೋಟಿಕ್‌ಗೆ ಬಗ್ಗುವುದಿಲ್ಲ, ತಿಂಗಳುಗಟ್ಟಲೆ ಔಷಧ ತಿನ್ನಬೇಕಾಗುತ್ತದೆ. ಭಾರತದ ವೈದ್ಯಕೀಯ ಪತ್ರಿಕೆಗಳಲ್ಲಿ ಇಂಥ ಪ್ರಕರಣಗಳ ವರದಿಗಳು ಸಾಕಷ್ಟು ಇವೆ. ಬಿಚ್ಚಿ, ಬ್ರಷ್ಷಿನಿಂದ ತಿಕ್ಕಿ, ತೊಳೆದು, ಆಟೋಕ್ಲೇವ್ ಅಥವಾ ಇಟಿಓ (ಎಥಿಲಿನ್ ಆಕ್ಸೈಡ್ ಅನಿಲದಿಂದ ಸೂಕ್ಷ್ಮಾಣುಗಳನ್ನು ಕೊಲ್ಲುವುದು) ಮಾಡುವುದನ್ನು ಬಿಟ್ಟು ಇದಕ್ಕೆ ಅಡ್ಡದಾರಿ ಇಲ್ಲ. ಅಂದರೆ ದಿನಕ್ಕೆ ಎಷ್ಟು ಕೇಸ್ ಎಂಬುದನ್ನು ಇರುವ ಸೆಟ್ಟುಗಳ ಸಂಖ್ಯೆ ತೀರ್ಮಾನಿಸಬೇಕು.

ಇದೆಲ್ಲ ಹೀಗಿರುವಾಗ ನಾವು ನೆಮ್ಮದಿ ಹುಡುಕುವುದು ಶನಿವಾರದ ಫ್ಯೂಮಿಗೇಶನ್‌ನಲ್ಲಿ. ಓಟಿಯನ್ನು ಮುಚ್ಚಿ ಫಾರ್ಮಾಲಿನ್ ಹೊಗೆ ಹಾಕಿ, ಸೋಮವಾರ ಕಣ್ಣು ಉರಿಯುತ್ತ ಒಳಗೆ ಹೋದರೆ ಏನೋ ದೊಡ್ಡ ಶುದ್ಧೀಕರಣ ಆಗಿದೆ ಎಂಬ ಭಾವನೆ ಬರುತ್ತದೆ. ಆ ಹೊಗೆಯಲ್ಲಿರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ ಎಂಬುದು ಖಚಿತವಾಗಿದೆ. ನೆಲ, ಟೇಬಲ್ಲು, ದೀಪದ ಹಿಡಿಕೆಗಳನ್ನು ಪ್ರತಿ ಕೇಸಿನ ನಂತರ ಡಿಟರ್ಜೆಂಟ್ ಹಾಕಿ ಒರೆಸುವುದರಿಂದ ಆಗುವ ಪ್ರಯೋಜನ ಹೊಗೆಯಿಂದ ಆಗುವುದಿಲ್ಲ. ಗೋಡೆಯನ್ನು ಒರೆಸಿ ಸ್ವ್ಯಾಬ್ ತೆಗೆದು, ಸೂಕ್ಷ್ಮಾಣುಗಳು ಬೆಳೆಯುತ್ತವೆಯೇ ಎಂದು ನೋಡಲು ಕಲ್ಚರ್‌ಗೆ ಕಳಿಸುವುದೂ ಹೆಚ್ಚುಕಡಿಮೆ ಇದೇ ಜಾತಿಯ ಆಚರಣೆ. ಗೋಡೆಯನ್ನು ಯಾರೂ ಆಪರೇಶನ್ ಮಾಡುವುದಿಲ್ಲವಲ್ಲ.

ಕೂದಲು ತೆಗೆಯುವ ವಿಷಯದಲ್ಲಿಯೂ ಹಳೆಯ ರೂಢಿ ಗಟ್ಟಿಯಾಗಿ ಕೂತಿದೆ. ‘ಪಾರ್ಟ್ ಪ್ರಿಪರೇಶನ್’ ಎಂಬ ಹೆಸರಿನಲ್ಲಿ ಹಿಂದಿನ ರಾತ್ರಿಯೇ ಅಟೆಂಡರ್ ಒಬ್ಬರು ಬ್ಲೇಡು ಹಿಡಿದು ಹೊಟ್ಟೆಯಿಂದ ತೊಡೆಯವರೆಗೆ ಬೋಳಿಸುತ್ತಾರೆ. ಬ್ಲೇಡು ಚರ್ಮದ ಮೇಲೆ ಕಣ್ಣಿಗೆ ಕಾಣದ ನೂರಾರು ಗೀರು ಮಾಡುತ್ತದೆ. ಬೆಳಗಾಗುವಷ್ಟರಲ್ಲಿ ಆ ಗೀರುಗಳಲ್ಲಿ ಬ್ಯಾಕ್ಟೀರಿಯಾ ಬೆಳೆದಿರುತ್ತವೆ. 1971ರಷ್ಟು ಹಿಂದೆಯೇ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಬ್ಲೇಡಿನಿಂದ ಬೋಳಿಸಿದವರಲ್ಲಿ ಸೋಂಕು ಶೇ. 5.6, ಕೂದಲು ಉದುರಿಸುವ ಕ್ರೀಮ್ ಹಚ್ಚಿದವರಲ್ಲಿ ಶೇ. 0.6 ಇತ್ತು. ಈಗಿನ ನಿಯಮವೆಂದರೆ, ಕೂದಲು ಅಡ್ಡ ಬರದಿದ್ದರೆ ತೆಗೆಯಲೇಬಾರದು. ಅಡ್ಡ ಬರುವುದಾದರೆ ಕ್ಲಿಪ್ಪರಿನಿಂದ ಮೋಟು ಮಾಡಬೇಕು. ಬ್ಲೇಡು ಬೇಡವೇ ಬೇಡ. ರೋಗಿಗಳಿಗೂ ಇಲ್ಲಿ ಹೇಳಬೇಕಾದ ಮಾತಿದೆ: ಆಸ್ಪತ್ರೆಗೆ ಬರುವ ಮುಂಚೆ ಮರ್ಯಾದೆಗೆಂದು ಮನೆಯಲ್ಲಿಯೇ ಬೋಳಿಸಿಕೊಂಡು ಬರಬೇಡಿ. ಸೋಪು ಹಚ್ಚಿ ಚೆನ್ನಾಗಿ ಸ್ನಾನ ಮಾಡಿ ಬಂದರೆ ಸಾಕು.

ರೋಗಿಯ ಮೈ ಬೆಚ್ಚಗಿರಬೇಕು ಎಂಬುದೂ ಸೋಂಕಿನ ವಿಷಯವೇ ಎಂದು ತಿಳಿದವರು ಕಡಿಮೆ. ಮೂರು ಪದರ ಬಟ್ಟೆ ತೊಟ್ಟ ಸರ್ಜನ್‌ಗೆ ಸೆಕೆಯಾಗದಂತೆ ಎಸಿ ಹಾಕಿರುತ್ತಾರೆ. ತೆಳ್ಳಗಿನ ಹಸಿರು ಬಟ್ಟೆಯಲ್ಲಿ ರೋಗಿ ಓಟಿಯ ಹೊರಗೆ ಸ್ಟ್ರೆಚರ್ ಮೇಲೆ ನಡುಗುತ್ತ ಮಲಗಿರುತ್ತಾರೆ. ಮೈ ತಣ್ಣಗಾದರೆ ಚರ್ಮದ ರಕ್ತನಾಳಗಳು ಕುಗ್ಗಿ, ಗಾಯಕ್ಕೆ ಆಮ್ಲಜನಕವೂ ರಕ್ಷಣೆಗೆ ಬರಬೇಕಾದ ಬಿಳಿ ರಕ್ತಕಣಗಳೂ ಕಡಿಮೆ ತಲುಪುತ್ತವೆ. ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಗೆ ಒಳಗಾದ 200 ರೋಗಿಗಳ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೈಯನ್ನು ಬೆಚ್ಚಗಿಟ್ಟವರಲ್ಲಿ ಗಾಯದ ಸೋಂಕು ಶೇ. 6, ತಣ್ಣಗಾಗಲು ಬಿಟ್ಟವರಲ್ಲಿ ಶೇ. 19 ಆಗಿತ್ತು. ಇಬ್ಬರ ಮೈ ಬಿಸಿಯಲ್ಲಿದ್ದ ವ್ಯತ್ಯಾಸ ಎರಡು ಡಿಗ್ರಿಯಷ್ಟೇ. ಒಂದು ಕಂಬಳಿ, ಬೆಚ್ಚಗೆ ಮಾಡಿದ ಸಲೈನ್: ಇವಕ್ಕೆ ಆಗುವ ಖರ್ಚು ಐದು ದಿನದ ಇಂಜೆಕ್ಷನ್‌ಗಿಂತ ಕಡಿಮೆ.

ಕೈ ತೊಳೆಯುವ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆ ಬರದ ಊರುಗಳಲ್ಲಿ, ಟ್ಯಾಂಕು ಯಾವಾಗ ತೊಳೆದದ್ದೋ ತಿಳಿಯದ ಆಸ್ಪತ್ರೆಗಳಲ್ಲಿ, ಆಲ್ಕೋಹಾಲ್ ಇರುವ ಹ್ಯಾಂಡ್ ರಬ್ಬನ್ನು ಕ್ರಮಬದ್ಧವಾಗಿ ಹಚ್ಚಿಕೊಳ್ಳುವುದು ಬ್ರಷ್ಷು ಹಿಡಿದು ಐದು ನಿಮಿಷ ತಿಕ್ಕುವುದಕ್ಕಿಂತ ಕಡಿಮೆಯೇನಲ್ಲ. ಫ್ರಾನ್ಸಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಹೋಲಿಕೆಯಲ್ಲಿ ಎರಡರ ಫಲಿತಾಂಶವೂ ಒಂದೇ ಆಗಿತ್ತು. ಇನ್ನೊಂದು ಹೊಸ ಮತ್ತು ಅಗ್ಗದ ಉಪಾಯ, ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ಹೊರಗಿನ ಹೊಲಿಗೆ ಹಾಕುವ ಮುಂಚೆ ಇಡೀ ತಂಡ ಗ್ಲೌಸ್ ಬದಲಿಸಿ, ಬೇರೆ ಶುದ್ಧ ಉಪಕರಣಗಳನ್ನು ತೆಗೆದುಕೊಳ್ಳುವುದು. ಭಾರತವೂ ಸೇರಿದಂತೆ ಏಳು ದೇಶಗಳ 13,301 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದಾಗ, ಸೋಂಕು ಶೇ. 18.9ರಿಂದ 16ಕ್ಕೆ ಇಳಿದಿತ್ತು. ಇಳಿಕೆ ಸಣ್ಣದು ಎನಿಸಬಹುದು. ಆದರೆ ಮೊದಲ ಅಂಕಿಯನ್ನು ಇನ್ನೊಮ್ಮೆ ನೋಡಿ. ನಮ್ಮಂಥ ದೇಶಗಳಲ್ಲಿ ಹೊಟ್ಟೆ ಕೊಯ್ಯಿಸಿಕೊಂಡ ಐವರಲ್ಲಿ ಹೆಚ್ಚುಕಡಿಮೆ ಒಬ್ಬರ ಗಾಯ ಕೆಡುತ್ತಿದೆ.

ಹಾಗಾದರೆ ನಮ್ಮ ಆಸ್ಪತ್ರೆಗಳ ರಿಜಿಸ್ಟರಿನಲ್ಲಿ ಇಷ್ಟೊಂದು ಸೋಂಕು ಯಾಕೆ ಕಾಣುವುದಿಲ್ಲ? ನಾವು ಹುಡುಕುವುದು ರೋಗಿ ವಾರ್ಡಿನಲ್ಲಿ ಇರುವಷ್ಟು ದಿನ ಮಾತ್ರ. ಶಸ್ತ್ರಚಿಕಿತ್ಸೆಯ ಗಾಯದ ಸೋಂಕನ್ನು 30 ದಿನದವರೆಗೆ, ಕೀಲು ಅಥವಾ ರಾಡು ಹಾಕಿದ್ದರೆ 90 ದಿನದವರೆಗೆ ಲೆಕ್ಕಕ್ಕೆ ಹಿಡಿಯಬೇಕು; ಬಹಳಷ್ಟು ಸೋಂಕುಗಳು ತಲೆ ಎತ್ತುವುದು ಮನೆಗೆ ಹೋದ ಮೇಲೆ. ಸಿಸೇರಿಯನ್ ಆದ ಬಾಣಂತಿಯರ ವಿಷಯದಲ್ಲಿ ಇದು ಇನ್ನೂ ಜಟಿಲ. ಆಕೆ ಹೆರಿಗೆಗೆ ಬಂದದ್ದು ಒಂದು ಊರಿನ ಆಸ್ಪತ್ರೆಗೆ, ಬಾಣಂತನ ತವರಿನಲ್ಲಿ, ಅದು ಎರಡು ತಾಲ್ಲೂಕು ಆಚೆ. ಏಳೆಂಟನೆಯ ದಿನ ಹೊಲಿಗೆಯ ಸುತ್ತ ಕೆಂಪಾಗಿ ನೀರು ಬಂದರೆ ಅಲ್ಲಿನ ಹತ್ತಿರದ ಕ್ಲಿನಿಕ್ಕಿಗೆ ಹೋಗುತ್ತಾಳೆ. ಅವರು ಡ್ರೆಸಿಂಗ್ ಮಾಡಿ, ಮಾತ್ರೆ ಬರೆದು ಕಳಿಸುತ್ತಾರೆ. ನಮಗೆ ಸುದ್ದಿಯೇ ಇಲ್ಲ. ನಮ್ಮ ಲೆಕ್ಕದಲ್ಲಿ ಆಕೆಯ ಗಾಯ ಚೆನ್ನಾಗಿಯೇ ಮಾಗಿದೆ.

ಅದಕ್ಕಾಗಿ ಈಗ ಬಿಡುಗಡೆಯ ಹೊತ್ತಿಗೆ ಗಂಡನ ಫೋನ್ ನಂಬರಿನ ಜೊತೆಗೆ ಬಾಣಂತಿಯ ತಾಯಿಯ ನಂಬರನ್ನೂ ಬರೆದುಕೊಳ್ಳುತ್ತೇವೆ. ಗಾಯವನ್ನು ದಿನವೂ ನೋಡುವವರು ಅವರೇ. ಕರೆ ಮಾಡಿದಾಗ ‘ಹುಷಾರಾಗಿದ್ದಾರಾ’ ಎಂದು ಕೇಳಿದರೆ ‘ಹೂಂ, ಆರಾಮ’ ಎಂಬ ಉತ್ತರವೇ ಬರುತ್ತದೆ. ಒಳಬಟ್ಟೆಗೆ ಕಲೆ ಹತ್ತುತ್ತಿದೆಯೇ, ಹೊಲಿಗೆಯ ಯಾವುದಾದರೂ ತುದಿ ಬಿಟ್ಟುಕೊಂಡಿದೆಯೇ, ಮುಟ್ಟಿದರೆ ಬಿಸಿಯೇ, ರಾತ್ರಿ ಚಳಿ ಬಂದಿತ್ತೇ, ಬೇರೆಲ್ಲಾದರೂ ಮಾತ್ರೆ ತೆಗೆದುಕೊಂಡಿರಾ ಎಂದು ಒಂದೊಂದಾಗಿ ಕೇಳಬೇಕು. ಕೇಳುತ್ತ ಹೋದಂತೆ ಗಾಯಕ್ಕೆ ಅರಿಶಿನ ಹಚ್ಚಿದ್ದು, ಹೊಟ್ಟೆ ಇಳಿಯಲೆಂದು ಒದ್ದೆ ಮೈಗೇ ಬಟ್ಟೆ ಬಿಗಿದು ಕಟ್ಟಿದ್ದು, ನಂಜಾಗುತ್ತದೆ ಎಂದು ಮೊಟ್ಟೆ, ಬೇಳೆ ಎರಡನ್ನೂ ನಿಲ್ಲಿಸಿದ್ದು ಹೊರಗೆ ಬರುತ್ತದೆ. ಹಿರಿಯರನ್ನು ಗದರಿದರೆ ಮುಂದಿನ ಸಲ ಅವರು ಫೋನ್ ಎತ್ತುವುದಿಲ್ಲ. ‘ಗಾಯ ಕೂಡಿಕೊಳ್ಳಬೇಕಾದರೆ ಬೇಳೆ, ಮೊಟ್ಟೆಯ ಶಕ್ತಿ ಬೇಕಮ್ಮ, ಬೇಕಾದರೆ ಬದನೆಕಾಯಿ ಬಿಡಿ’ ಎಂದರೆ ಒಪ್ಪುತ್ತಾರೆ. ಎರಡು ದಿನ ಕಳೆದ ಮೇಲೆ ಮೈಮೇಲೆ ನೀರು ಹಾಕಿಕೊಳ್ಳಬಹುದು, ಗಾಯವನ್ನು ತಿಕ್ಕದೆ ಶುಭ್ರವಾದ ಬಟ್ಟೆಯಿಂದ ಒತ್ತಿ ಒಣಗಿಸಬೇಕು ಎಂಬುದನ್ನು ಹೇಳುತ್ತೇವೆ. ಸಕ್ಕರೆ ಕಾಯಿಲೆ ಇರುವವರಾದರೆ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದೂ ಕೇಳುತ್ತೇವೆ, ಯಾಕೆಂದರೆ ಅದು 200 ದಾಟಿ ನಿಂತರೆ ಗಾಯ ಮಾಗುವುದು ನಿಧಾನವಾಗುತ್ತದೆ.

ಈ ಕರೆಗಳು ಶುರುವಾದ ಮೇಲೆ ನಮ್ಮ ರಿಜಿಸ್ಟರಿನ ಸೋಂಕಿನ ಸಂಖ್ಯೆ ಏರಿತು. ತಿಂಗಳ ಸಭೆಯಲ್ಲಿ ಇದಕ್ಕೆ ವಿವರಣೆ ಕೇಳಿದರು. ಸೋಂಕು ಹೆಚ್ಚಿಲ್ಲ, ಕಾಣುವುದು ಹೆಚ್ಚಿದೆ ಎಂದು ವಿವರಿಸಿದೆ, ಪೂರ್ತಿಯಾಗಿ ಒಪ್ಪಿದರೆಂದು ಹೇಳಲಾರೆ. ಆದರೆ ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಒಬ್ಬೊಬ್ಬರ ಕೇಸ್ ಶೀಟಿನಲ್ಲಿ ಇಂಜೆಕ್ಷನ್ ಕೊಟ್ಟ ಸಮಯ, ಕೊಯ್ದ ಸಮಯ, ಆ ದಿನದ ಡ್ರಮ್ಮಿನ ನಂಬರ್ ಇವನ್ನು ಹೋಲಿಸಿ ನೋಡುವುದು ಈಗ ಸಾಧ್ಯವಾಗಿದೆ. ಮುಂದಿನ ತಿಂಗಳಿನಿಂದ ಹರ್ನಿಯಾ ರೋಗಿಗಳಿಗೂ ಕರೆ ಮಾಡಬೇಕೆಂದಿದ್ದೇವೆ. ಅದಕ್ಕೆ ಇನ್ನೊಬ್ಬ ಸಿಸ್ಟರ್ ಬೇಕು, ಅರ್ಜಿ ಕೊಟ್ಟಿದ್ದೇನೆ.